ಬದುಕಿದ್ದಾಗಲೇ ಹೆಸರು ಮಾಡಿದ ಚಿತ್ರಕಾರ

ದೊಡ್ಡ ಚಿತ್ರಕಾರರೆಲ್ಲ ಬಡತನದಲ್ಲೇ ಸತ್ತರು, ಹೆಸರು ಬಂದಿದ್ದು ಆಮೇಲೆ ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬಹುದು. ಮನಸ್ಸಿಗೆ ತಟ್ಟುವ ಮಾತೇ. ಕೆಲವರ ಬಾಳು ಹಾಗೇ ಇತ್ತು ಕೂಡ. ಆದರೆ ‘ಎಲ್ಲ’ ಅನ್ನೋದು ತಪ್ಪು.

ಪೋಲಿಷ್ ಚಿತ್ರಕಾರ ಹೆನ್ರಿಕ್ ಸೆಮಿರಾಡ್ಸ್ಕಿಯನ್ನೇ ನೋಡಿ. 1870ರ ದಶಕದಲ್ಲಿ ರೋಮ್‌ನಲ್ಲಿ ನೆಲೆಸಿದರು. 1876ರ ‘ನೀರೋನ ಪಂಜುಗಳು’ ಸುಮಾರು 7 ಮೀಟರ್ ಅಗಲದ ಚಿತ್ರ. ಒಂದು ಕಡೆ ಪಲ್ಲಕ್ಕಿಯಲ್ಲಿ ರೋಮನ್ ಚಕ್ರವರ್ತಿ ನೀರೋ, ಇನ್ನೊಂದು ಕಡೆ ಪಂಜಿನ ಹಾಗೆ ಸುಡಲು ಹುಲ್ಲು ಸುತ್ತಿ ಕಂಬಕ್ಕೆ ಕಟ್ಟಿದ ಕ್ರೈಸ್ತರು. ಅದು ಯುರೋಪಿನ ಊರೂರು ಸುತ್ತಿತು. 1879ರಲ್ಲಿ ಅದನ್ನು ಈಗಿನ ಪೋಲೆಂಡಿನ ಕ್ರಾಕೋವ್ ನಗರಕ್ಕೆ ಸುಮ್ನೆ ಕೊಟ್ಟುಬಿಟ್ಟರು! ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂ ಶುರುವಾಗಿದ್ದೇ ಆ ಕೊಡುಗೆಯಿಂದ.

ಇಂಥ ಸಂದೇಶ ಬಂದರೆ ಮೊದಲು ಅದರಲ್ಲಿ ಹೆಸರಿದೆಯಾ ನೋಡಿ. ಇದ್ದರೆ ಮ್ಯೂಸಿಯಂನ ವೆಬ್‌ಸೈಟ್ ತೆರೆಯಿರಿ. ಚಿತ್ರ ಯಾವಾಗ, ಹೇಗೆ ಅವರ ಕೈಸೇರಿತು ಅಂತ ಅಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ. ಆ ವರ್ಷವನ್ನು ಚಿತ್ರಕಾರ ತೀರಿಕೊಂಡ ವರ್ಷದ ಪಕ್ಕ ಇಟ್ಟು ನೋಡಿ. ಸೆಮಿರಾಡ್ಸ್ಕಿ ತೀರಿಕೊಂಡಿದ್ದು 1902ರಲ್ಲಿ.