ಮೂಳೆ ಸವೆದಿದೆ ಅಂತ ಮಲಗಿಬಿಡಬೇಡಿ

ಬೆನ್ನುಮೂಳೆ ಸವೆತಕ್ಕೆ ವಿಶ್ರಾಂತಿಯೇ ಮುಖ್ಯ ಮದ್ದು ಅಂತ ಲೇಖನದಲ್ಲಿ ಬರೆದಿದ್ದೀರಿ. ಈ ಒಂದು ಮಾತು ನನಗೆ ಒಪ್ಪಿಗೆಯಿಲ್ಲ. ನಮ್ಮ ಅಮ್ಮನಿಗೆ 63 ವರ್ಷ. ಎಕ್ಸ್‌ರೇ ನೋಡಿದ ಡಾಕ್ಟರು "ಮೂಳೆ ಸವೆದುಹೋಗಿದೆ, ಬಗ್ಗಲೇಬೇಡಿ" ಅಂದುಬಿಟ್ಟರು. ಅಮ್ಮ ಹೆದರಿ ಮೂರು ತಿಂಗಳು ಮಂಚ ಹಿಡಿದರು. ನೋವು ಕಮ್ಮಿಯಾಗಲಿಲ್ಲ, ತೊಡೆ ಸೊರಗಿತು, ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು.

ಆಮೇಲೆ ಸಿಕ್ಕ ಫಿಸಿಯೋಥೆರಪಿ ಮೇಡಂ ಬಿಡಿಸಿ ಹೇಳಿದರು. ಬೆನ್ನುಮೂಳೆಯ ಮಣಿಗಳನ್ನು ಹಿಂದುಗಡೆ ಜೋಡಿಸುವ ಸಣ್ಣ ಕೀಲುಗಳಿವೆಯಲ್ವಾ, ಅವುಗಳ ಮೆದುಮೂಳೆ ತೆಳುವಾಗುತ್ತದೆ, ಅಂಚಿನಲ್ಲಿ ಮೂಳೆ ಮುಳ್ಳಿನ ಹಾಗೆ ಬೆಳೆಯುತ್ತದೆ, ವಯಸ್ಸಾದ ಎಷ್ಟೋ ಜನರ ಎಕ್ಸ್‌ರೇಯಲ್ಲಿ ಇದು ಕಾಣುತ್ತದೆ, ಆದರೆ ಎಲ್ಲರಿಗೂ ನೋವಿರುವುದಿಲ್ಲ. ಸುತ್ತಲಿನ ಸ್ನಾಯು ಗಟ್ಟಿಯಿದ್ದರೆ ಬೆನ್ನಿಗೆ ಆಸರೆ.

ಈಗ ಅಮ್ಮ ಬೆಳಿಗ್ಗೆ ನೇರ ಏಳುವುದಿಲ್ಲ. ಮಗ್ಗುಲಾಗಿ, ಕಾಲು ಇಳಿಬಿಟ್ಟು, ಕೈಯೂರಿ ಏಳುತ್ತಾರೆ. ಮೊದಲ ಹತ್ತು ನಿಮಿಷ ಸೊಂಟ ಬಿಗಿಯಾಗಿರುತ್ತದೆ, ಬಿಸಿನೀರಿನ ಚೀಲ ಇಟ್ಟುಕೊಂಡು ಆಮೇಲೆ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದರೆ ಸಡಿಲವಾಗುತ್ತದೆ. 5 ನಿಮಿಷದ ನಡಿಗೆ ನಿಧಾನಕ್ಕೆ ಅರ್ಧ ಗಂಟೆಯಾಗಿದೆ. ನೋವು ಪೂರ್ತಿ ಹೋಗಿಲ್ಲ. ಆದರೆ ಮೊನ್ನೆ ಹಬ್ಬಕ್ಕೆ ಬಾಗಿಲ ಮುಂದೆ ತಾವೇ ರಂಗೋಲಿ ಹಾಕಿದರು, ಸಣ್ಣ ಮಣೆ ಮೇಲೆ ಕೂತು.

ಮೆಡಿಕಲ್ ಶಾಪಿನಿಂದ ಸುಮ್ನೆ ನೋವಿನ ಮಾತ್ರೆ ತಂದು ದಿನಾ ನುಂಗಬೇಡಿ. ಬಿಪಿ, ಶುಗರ್ ಇದ್ದವರ ಕಿಡ್ನಿಗೆ ಅಪಾಯ ಜಾಸ್ತಿ. ಕಾಲಿನ ಶಕ್ತಿ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಓಡಿ. ದಯವಿಟ್ಟು ಇದನ್ನೂ ಲೇಖನಕ್ಕೆ ಸೇರಿಸಿ.