ಗರಿಯಂಥ ಮೋಡಗಳನ್ನು ಯಾರೂ ಸಿಂಪಡಿಸುತ್ತಿಲ್ಲ

ಆಕಾಶದಲ್ಲಿ ಗರಿಯಂಥ ತೆಳು ಬಿಳಿ ಮೋಡ ಜಾಸ್ತಿ ಕಂಡರೆ ಯಾರೋ ರಾಸಾಯನಿಕ ಸಿಂಪಡಿಸಿದ್ದಾರೆ ಅನ್ನುವ ಫಾರ್ವರ್ಡ್ ಮತ್ತೆ ಮತ್ತೆ ಬರುತ್ತದೆ. ಗಾಬರಿಯಾಗುವುದು ಸಹಜ, ಆದರೆ ಇದು ನಿಜವಲ್ಲ.

ಅವು ಸಿರಸ್ ಮೋಡಗಳು, ಬರೀ ಮಂಜುಗಡ್ಡೆಯ ಹರಳು. ವಿಮಾನದ ಹಿಂದಿನ ಬಿಳಿ ಗೆರೆಯೂ ಹೆಚ್ಚಾಗಿ ಮಂಜುಗಡ್ಡೆಯೇ. ಸಮುದ್ರದ ಬಿಸಿಗೂ ಇವಕ್ಕೂ ನೇರ ನಂಟಿದೆ: 2ರಿಂದ 7 ವರ್ಷಕ್ಕೊಮ್ಮೆ ಎಲ್ ನಿನೊ ಬಂದು ಪೆಸಿಫಿಕ್‌ನ ಮಧ್ಯ, ಪೂರ್ವ ಭಾಗದ ನೀರು ಬಿಸಿಯಾದಾಗ ದೊಡ್ಡ ಗುಡುಗು ಮೋಡಗಳು ಅತ್ತ ಸರಿಯುತ್ತವೆ, ಅವುಗಳ ನೆತ್ತಿಯಿಂದ ಹರಡುವ ಮಂಜುಗಡ್ಡೆಯ ಮೋಡವೂ ಅಲ್ಲೇ ಹೆಚ್ಚುತ್ತದೆ, ಪಶ್ಚಿಮದಲ್ಲಿ ಕಡಿಮೆಯಾಗುತ್ತದೆ. ಅದೇ ನೀರು ತಣ್ಣಗಾಗುವ ಲಾ ನಿನಾದಲ್ಲಿ ಇದು ಉಲ್ಟಾ.

ನೀವೇ ನೋಡಬಹುದು. ನಾಸಾದ ವರ್ಲ್ಡ್‌ವ್ಯೂ ಜಾಲತಾಣದಲ್ಲಿ ಹಳೆಯ ಉಪಗ್ರಹ ಚಿತ್ರಗಳು ಉಚಿತ. ಎಲ್ ನಿನೊ ಇದ್ದ 2015ರ ಕೊನೆಯ ಪೆಸಿಫಿಕ್ ಚಿತ್ರಗಳನ್ನು ಲಾ ನಿನಾ ಇದ್ದ 2010ರ ಕೊನೆಯವುಗಳ ಪಕ್ಕ ಇಡಿ, ಒಂದೇ ದಿನ ನೋಡಿದರೆ ಸಾಲದು. ಸಿರಸ್ ಅನ್ನುವ ಹೆಸರು 1803ರಲ್ಲೇ ಅಚ್ಚಾಗಿತ್ತು, ವಿಮಾನ ಹಾರಿದ್ದು 1903ರಲ್ಲಿ.