ಕನ್ನಂಬಾಡಿಯ ಮಟ್ಟ ಎಲ್ಲರಿಗೂ ಗೊತ್ತು, ಮನೆ ಹಿಂದಿನ ಕಾಲುವೆಯದು?

ಇಂದು ಬೆಳಿಗ್ಗೆ ಮೈಸೂರಿನ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೃಷ್ಣರಾಜಸಾಗರದ ನೀರಿನ ಮಟ್ಟ, ಒಳಹರಿವು, ಹೊರಹರಿವುಗಳ ಪಟ್ಟಿಯನ್ನು ಒಬ್ಬರಾದ ಮೇಲೊಬ್ಬರು ಹಾಕಿ ಸಂಭ್ರಮಿಸುತ್ತಿದ್ದರು. ಅದೇ ಹೊತ್ತಿಗೆ, ಅದೇ ಗುಂಪಿನಲ್ಲಿರುವ ತಗ್ಗಿನ ಅಡ್ಡರಸ್ತೆಯ ಕೆಲವು ಮನೆಯವರು, ನಿನ್ನೆ ಸಂಜೆಯ ಮಳೆಗೆ ರಾಜಕಾಲುವೆ ಉಕ್ಕಿ ಒಳನುಗ್ಗಿದ ಕೊಳಚೆಯಲ್ಲಿ ನೆಂದ ಹಾಸಿಗೆಗಳನ್ನು ಕಾಂಪೌಂಡಿನ ಮೇಲೆ ಹರಡುತ್ತಿದ್ದರು. ಒಂದು ಮನೆಯ ಒಳಗೋಡೆಯಲ್ಲಿ ನೀರಿನ ಕಂದುಗೆರೆ ಸ್ವಿಚ್ ಬೋರ್ಡಿನಿಂದ ಒಂದು ಗೇಣು ಕೆಳಗೆ ನಿಂತಿತ್ತು. ಎಷ್ಟು ಹೊತ್ತಿಗೆ ನೀರು ಬಂತು ಎಂದು ಕೇಳಿದರೆ, ಆ ಮನೆಯ ಅಜ್ಜಿ, "ಸೀರಿಯಲ್ಲು ಶುರುವಾಗಿತ್ತು ಕಣಪ್ಪ, ಮುಗಿಯೋ ಹೊತ್ಗೆ ಮಂಚದ ಕೆಳಗೆ ನೀರಿತ್ತು" ಎಂದರು. ನಿನ್ನೆಯ ನೆರೆಯ ಬಗ್ಗೆ ಈ ಊರಿನಲ್ಲಿ ಸಿಗುವ ಅತ್ಯಂತ ಖಚಿತವಾದ ದಾಖಲೆ ಇದೇ ಎಂಬುದು ನನ್ನ ಸಿಟ್ಟಿಗೆ ಕಾರಣ.

ನೀರಾವರಿ ನಾಲೆಗಳ ಗೇಜು ನೋಡಿಯೇ ಕೂದಲು ನೆರೆಸಿಕೊಂಡವನು ನಾನು ಎಂಬುದು ಇಲ್ಲಿರುವ ಗೆಳೆಯರಿಗೆಲ್ಲ ಗೊತ್ತು. ಕನ್ನಂಬಾಡಿಯ ಪೂರ್ಣ ಮಟ್ಟ 124.80 ಅಡಿ ಎಂಬುದನ್ನು ದಶಾಂಶ ಸಮೇತ ಶಾಲಾಮಕ್ಕಳೂ ಹೇಳಬಲ್ಲ ಸೀಮೆ ನಮ್ಮದು. ಬೇಸಾಯ ನಿಂತಿರುವುದೇ ಆ ನೀರಿನ ಮೇಲಾದ್ದರಿಂದ ಅದರಲ್ಲಿ ತಪ್ಪೇನೂ ಇಲ್ಲ. ಮಂಡ್ಯದ ಹಳ್ಳಿಗಳಲ್ಲಿ ನಾಲೆ ನೋಡಿಕೊಳ್ಳಲು ಸೌಡಿಗಳಿದ್ದರು, ಕೆರೆಯ ತೂಬು ನೋಡಿಕೊಳ್ಳಲು ನೀರುಗಂಟಿಗಳಿದ್ದರು. ಕೋಡಿಗೆ ಇನ್ನೆಷ್ಟು ಉಳಿದಿದೆ ಎಂದು ಏರಿಯ ಮೇಲೆ ನಿಂತೇ ಹೇಳಬಲ್ಲವರು ಅವರು. ನಗರವಾಗಿ ಬೆಳೆದ ಮೈಸೂರಿನ ರಾಜಕಾಲುವೆಗಳಿಗೆ ಅಂಥ ಒಬ್ಬ ದಿಕ್ಕಿಲ್ಲ. ನಮ್ಮ ಕಾಲುವೆಯ ಒಂದು ಸೇತುವೆಯ ಮೇಲೂ, ಒಂದು ಮೋರಿಯ ಗೋಡೆಯ ಮೇಲೂ, ನೀರು ಎಷ್ಟು ಅಡಿ ಏರಿತು ಎಂದು ಹೇಳುವ ಬಿಳಿ-ಕಪ್ಪು ಪಟ್ಟಿ ಇಲ್ಲ.

ಮೈಸೂರು ದಿಣ್ಣೆಯ ಮೇಲೆ ಕೂತಿರುವ ಊರು. ಇಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಉತ್ತರಕ್ಕೆ ಕಾವೇರಿಯ ಕಡೆಗೆ ಇಳಿಯುತ್ತದೆ, ಇನ್ನೊಂದು ಪಾಲು ದಕ್ಷಿಣಕ್ಕೆ ಕಪಿಲೆಯ ಕಡೆಗೆ ಹೋಗುತ್ತದೆ. ಎರಡೂ ಮತ್ತೆ ಕೂಡುವುದು ತಿರುಮಕೂಡಲಿನಲ್ಲಿ. ನಡುವಿನ ದಾರಿಯಲ್ಲಿ ನೀರನ್ನು ತಡೆದು ನಿಲ್ಲಿಸಲು ಹಿರಿಯರು ಕೆರೆಗಳನ್ನು ಕಟ್ಟಿದ್ದರು. ಲಿಂಗಾಂಬುಧಿ 1828ರದ್ದು, ಕುಕ್ಕರಹಳ್ಳಿ 1864ರದ್ದು, ಎರಡೂ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದವು. ಚಾಮುಂಡಿ ಬೆಟ್ಟದ ಬುಡದಲ್ಲಿ ಕಾರಂಜಿ ಕೆರೆ ಇದೆ. ದೊಡ್ಡಕೆರೆ ಮಾತ್ರ ಈಗ ಮೈದಾನವಾಗಿದೆ, ದಸರಾ ವಸ್ತುಪ್ರದರ್ಶನದಲ್ಲಿ ನಾವು ಹಪ್ಪಳ ತಿನ್ನುವ ಜಾಗದ ಆಸುಪಾಸೆಲ್ಲ ಒಂದು ಕಾಲದಲ್ಲಿ ನೀರು ನಿಲ್ಲುತ್ತಿದ್ದ ನೆಲ. ದಿವಾನ್ ಪೂರ್ಣಯ್ಯನವರು ಕಾವೇರಿ ನೀರನ್ನು ಊರಿಗೆ ತರಲು ತೋಡಿಸಿದ ನಾಲೆ ಅಂದುಕೊಂಡ ಕೆಲಸಕ್ಕೆ ಒದಗಲಿಲ್ಲ. ಅದರ ಅಳಿದುಳಿದ ಭಾಗಗಳು ಇಂದು ಮಳೆನೀರನ್ನೂ ನಮ್ಮ ಬಚ್ಚಲ ನೀರನ್ನೂ ಹೊರುತ್ತಿವೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಚದರ ಕಿಲೋಮೀಟರ್ ಬಡಾವಣೆಯ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ ಅದು 5 ಕೋಟಿ ಲೀಟರ್ ನೀರು. ಅಂಗಳಕ್ಕೆಲ್ಲ ಸಿಮೆಂಟು, ರಸ್ತೆಗೆಲ್ಲ ಡಾಂಬರು ಹಾಕಿದ ಮೇಲೆ ಅದರಲ್ಲಿ ಶೇ 70ರಷ್ಟು ಹರಿದುಬರುತ್ತದೆ ಎಂದಿಟ್ಟುಕೊಂಡರೂ ಆ ಗಂಟೆಯಲ್ಲಿ ಕಾಲುವೆಗೆ ಸರಾಸರಿ ಸುಮಾರು 340 ಕ್ಯುಸೆಕ್, ಅಂದರೆ ಸೆಕೆಂಡಿಗೆ 340 ಘನ ಅಡಿ ನೀರು ಬಂದು ಬೀಳುತ್ತದೆ. ಹೊಲ, ಹುಲ್ಲುಗಾವಲುಗಳಿದ್ದಾಗ ಇದರ ಬಹುಪಾಲು ಇಂಗುತ್ತಿತ್ತು, ಉಳಿದದ್ದು ನಿಧಾನವಾಗಿ ಬರುತ್ತಿತ್ತು. ಅಣೆಕಟ್ಟೆಯ ಒಳಹರಿವು ಸಾವಿರ ಕ್ಯುಸೆಕ್ ಹೆಚ್ಚಿದರೆ ಸಿಹಿ ಹಂಚಲು ಸಿದ್ಧರಿರುವ ನಮಗೆ, ಇಷ್ಟು ನೀರು ಹಿತ್ತಲಿನ ಪಕ್ಕ ಹಾದುಹೋದದ್ದು ಲೆಕ್ಕಕ್ಕೇ ಬರುವುದಿಲ್ಲ.

ಇಲ್ಲಿ ಹೊತ್ತಿನ ಪ್ರಶ್ನೆಯೂ ಇದೆ. ಕೊಡಗಿನಲ್ಲಿ ಸುರಿದ ಮಳೆ ಹೊಳೆಯಲ್ಲಿ ಇಳಿದು ಅಣೆಕಟ್ಟೆ ತಲುಪಲು ಬಹಳ ಗಂಟೆಗಳು ಬೇಕು. ನಡುವೆ ನದಿಮಾಪನ ಕೇಂದ್ರಗಳಿವೆ, ಗೇಟು ತೆರೆಯುವ ಮುನ್ನ ನದೀಪಾತ್ರದ ಜನರಿಗೆ ಎಚ್ಚರಿಕೆ ಹೋಗುತ್ತದೆ. ಚಾಮುಂಡಿ ಬೆಟ್ಟದ ಇಳಿಜಾರಿನ ನೀರಿಗೋ, ಬಡಾವಣೆಯ ತಾರಸಿಗಳ ನೀರಿಗೋ ತಗ್ಗಿನ ರಸ್ತೆ ಮುಟ್ಟಲು ಅರ್ಧ ಮುಕ್ಕಾಲು ಗಂಟೆ ಸಾಕು. ಎಚ್ಚರಿಕೆಗೆ ಹೊತ್ತು ಕಡಿಮೆ ಇರುವ ಕಡೆಯೇ ಅಳತೆ ಹೆಚ್ಚು ಬೇಕು. ದೊಡ್ಡ ಹೊಳೆಗೆ ಮಾತ್ರ ನೆರೆ ಬರುತ್ತದೆ ಎಂದು ನಂಬಿದವರು 2022ರ ಆಗಸ್ಟ್‌ ನೆನಪಿಸಿಕೊಳ್ಳಬೇಕು. ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಸ್ಸು, ಕಾರುಗಳು ಮುಳುಗಿ ನಿಂತಾಗ ಅಲ್ಲಿಗೆ ಕಾವೇರಿ ಬಂದಿರಲಿಲ್ಲ, ಬಂದದ್ದು ಕೆರೆ ನೀರು.

ಅಳೆದರೆ ನೀರು ಕಡಿಮೆಯಾಗುತ್ತದೆಯೇ, ಹೂಳು ತೆಗೆಸಿ, ಒತ್ತುವರಿ ಬಿಡಿಸಿ, ಎರಡು ಕಡೆ ಕಾಂಕ್ರೀಟ್ ಗೋಡೆ ಕಟ್ಟಿದರೆ ಸಾಲದೇ ಎಂದು ಗುಂಪಿನಲ್ಲೇ ಒಬ್ಬರು ಕೇಳಿದರು. ಹೂಳು ತೆಗೆಯಲಿ, ಒತ್ತುವರಿಯನ್ನೂ ಬಿಡಿಸಲಿ, ನಾನೇ ಹಾರ ಹಾಕುತ್ತೇನೆ. ಗೋಡೆಯ ವಿಷಯ ಬೇರೆ. ಅದು ನೀರಿನ ವೇಗ ಹೆಚ್ಚಿಸಿ, ಮೇಲಿನ ಬಡಾವಣೆಯ ತಾಪತ್ರಯವನ್ನು ಕೆಳಗಿನ ಬಡಾವಣೆಗೆ ದಾಟಿಸುತ್ತದೆ. ಆ ಗೋಡೆ ಎಷ್ಟು ಎತ್ತರವಿರಬೇಕು, ಮೋರಿಯ ಕಿಂಡಿ ಎಷ್ಟು ಅಗಲವಿರಬೇಕು ಎಂದು ತೀರ್ಮಾನಿಸಲು ಹಿಂದಿನ ಮಳೆಗಳಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಎಂಬುದು ಗೊತ್ತಿರಬೇಕಲ್ಲವೇ? ಜ್ವರ ನೋಡದೆ ಮಾತ್ರೆ ಬರೆಯುವ ವೈದ್ಯರ ಬಳಿ ನಾವು ಎರಡನೇ ಸಲ ಹೋಗುವುದಿಲ್ಲ, ಎಂಜಿನಿಯರಿಗೆ ಮಾತ್ರ ಮಾಫಿ.

ಇದಕ್ಕೆ ಕೋಟಿಗಟ್ಟಲೆ ಹಣವೂ ಬೇಕಿಲ್ಲ. ಬೆಂಗಳೂರಿನ ರಾಜಕಾಲುವೆಗಳಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಟ್ಟ ಅಳೆಯುವ ಸೆನ್ಸರ್‌ಗಳನ್ನು ಅಳವಡಿಸಿದೆ. ಅಲ್ಲಿನ ನೆರೆ ನಿಂತಿತೇ ಎಂದು ಕುಹಕವಾಡುವವರು, ನೀರು ಏರುವುದು ಮೊದಲೇ ತಿಳಿದರೆ ವಾಹನವನ್ನಾದರೂ ಎತ್ತರಕ್ಕೆ ಸಾಗಿಸಬಹುದು ಎಂಬುದನ್ನು ಮರೆಯುತ್ತಾರೆ. ಸೆನ್ಸರ್ ಬೇಡವೆಂದರೆ, ಸೇತುವೆಯ ಕಂಬಕ್ಕೆ ಬಣ್ಣದ ಅಳತೆಪಟ್ಟಿ ಬರೆಸಿದರೂ ಆದೀತು. ರಾತ್ರಿ ಮಳೆಯಲ್ಲಿ ಹೋಗಿ ನೋಡುವವರಾರು ಎನ್ನುವವರಿಗೆ ಹಳೆಯದೊಂದು ಉಪಾಯವಿದೆ. ತಳದ ಬಳಿ ತೂತುಗಳಿರುವ ಪೈಪನ್ನು ದಡದ ಗೋಡೆಗೆ ನೆಟ್ಟಗೆ ಬಿಗಿದು, ಒಳಗೊಂದು ಮರದ ಕೋಲು ನಿಲ್ಲಿಸಿ, ಒಂದು ಹಿಡಿ ಬೆಂಡಿನ (ಕಾರ್ಕ್) ಪುಡಿ ಹಾಕಬೇಕು. ನೀರಿನೊಂದಿಗೆ ತೇಲಿ ಮೇಲೇರುವ ಪುಡಿ, ನೀರು ಇಳಿಯುವಾಗ ಕೋಲಿಗೆ ಅಂಟಿಕೊಂಡು ಉಳಿಯುತ್ತದೆ. ಬೆಳಿಗ್ಗೆ ಕೋಲು ಹೊರತೆಗೆದು ನೋಡಿದರೆ ರಾತ್ರಿ ನೀರು ಏರಿದ್ದ ತುತ್ತತುದಿ ಎಷ್ಟೆಂದು ಸ್ಪಷ್ಟವಾಗಿ ಕಾಣುತ್ತದೆ.

ಈ ಮಾತನ್ನು ಸಂಬಂಧಪಟ್ಟ ಕಚೇರಿಯೊಂದರಲ್ಲಿ ಹೇಳಿದಾಗ, "ಇದನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ತೋರಿಸೋದು ಸಾರ್?" ಎಂದು ಬಹಳ ವಿನಯದಿಂದ ಕೇಳಿದರು. ಚಹಾ ಕುಡಿಸಿ ಕಳಿಸಿದರು, ಚಹಾ ಚೆನ್ನಾಗಿತ್ತು. ಪಟ್ಟಿ ಬರೆಯಲು ಅನುಮತಿ ಕೋರಿ ಅರ್ಜಿ ಕೊಟ್ಟು ಬಂದಿದ್ದೇನೆ. ಅನುಮತಿ ಬರುವವರೆಗೆ, ಕಾಲುವೆಯ ಸೇತುವೆಗಳ ಬಳಿ ಮನೆಯಿರುವವರು ಮುಂದಿನ ಮಳೆಗೆ ಒಂದು ಫೋಟೊ ತೆಗೆದು ನನಗೆ ಕಳಿಸಿ. ನೀರಿಗೆ ಇಳಿಯಬೇಡಿ, ಮಹಡಿಯಿಂದಲೇ ತೆಗೆಯಿರಿ. ಸೇತುವೆಯ ಕಂಬವೋ ಗೋಡೆಯ ಕಲ್ಲಿನ ವರಸೆಯೋ ಚಿತ್ರದಲ್ಲಿ ಕಾಣುವಂತಿರಲಿ, ಗಂಟೆ-ನಿಮಿಷ ತಪ್ಪದೆ ಬರೆಯಿರಿ. ಮಳೆ ನಿಂತ ಮೇಲೆ ಟೇಪು ಹಿಡಿದು ಬಂದು ಅಡಿ-ಅಂಗುಲಗಳ ಲೆಕ್ಕವನ್ನು ನಾನು ಮಾಡಿಕೊಳ್ಳುತ್ತೇನೆ.